ಗೇಟಿನ ಪಕ್ಕದ ಜಾಗ

ಮಹದೇವ ಹೆಂಡತಿಯ ಮೇಲೆ ಕೈ ಮಾಡುವವನಲ್ಲ ಎಂಬುದು ಅತ್ತಿಗುಪ್ಪೆಯ ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಮಿಕ್ಕವರ ಮೇಲೆ ಮಾಡುತ್ತಿದ್ದ. ಡೀಸೆಲ್ ಕದ್ದನೆಂದು ತನ್ನ ನೀರಿನ ಟ್ಯಾಂಕರಿನ ಡ್ರೈವರನ ಮೂಗು ಒಡೆದಿದ್ದ. ಮನೆ ಗೇಟಿಗೆ ಅಡ್ಡ ನಿಲ್ಲಿಸಿದ್ದ ಬೈಕನ್ನು ಎತ್ತಿ ಮೋರಿಗೆ ಹಾಕಿದ್ದ. ಸೈಟಿನ ಜಗಳದಲ್ಲಿ ಒಡಹುಟ್ಟಿದ ಅಣ್ಣನನ್ನೇ ಮೆಟ್ಟಿಲ ಮೇಲಿಂದ ತಳ್ಳಿದ್ದ. ಮದುವೆಯಾದ ಹೊಸತರಲ್ಲಿ, ಬಸ್ಸಿನಲ್ಲಿ ದಿವ್ಯಳ ಮೈಗೆ ಮೈ ತಾಗಿಸಿದವನನ್ನು ಕೆಳಗಿಳಿಸಿ ಬಾರಿಸಿದಾಗ ಅವಳಿಗೆ ಹೆದರಿಕೆಯ ಜೊತೆಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು. ತವರಿಗೆ ಹೋದಾಗ ಅದನ್ನು ಹೇಳಿಕೊಂಡು ನಕ್ಕಿದ್ದಳು.

ನಲವತ್ತಕ್ಕೆ ಇನ್ನೂ ಎರಡು ವರ್ಷವಿರುವಾಗ ಅವಳಿಗೆ ಕೀಲುವಾತ ಬಂತು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕಾಲು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬ್ರಷ್ಷು ಜಾರಿ ಬೇಸಿನ್ನಿಗೆ ಬೀಳುತ್ತಿತ್ತು. ಕುಕ್ಕರಿನ ಮುಚ್ಚಳ ತೆಗೆಯಲು ಮಗಳು ಶರಣ್ಯಾಳನ್ನು ಕೂಗಬೇಕು. ದಿನಾ ಮುದ್ದೆ ಬೇಕಾದ ಮನೆ ಅದು. ಕುದಿಯುವ ಹಿಟ್ಟಿಗೆ ಕೋಲು ಹಾಕಿ ತಿರುವುವ ಕಸುವು ಅವಳ ಕೈಯಿಂದ ಹೊರಟುಹೋಗಿತ್ತು.

"ಎಪ್ಪತ್ತು ದಾಟಿದೆ, ನಾನು ತಿರುವ್ತಾ ಇಲ್ವಾ?" ಎನ್ನುತ್ತಿದ್ದಳು ಅತ್ತೆ ಬೋರಮ್ಮ, ಪಾತ್ರೆಯನ್ನು ಕಾಲಲ್ಲಿ ಅದುಮಿಕೊಂಡು. "ಆಫೀಸಲ್ಲಿ ಟಕಟಕ ಅಂತ ಒತ್ತಕ್ಕೆ ಬೆರಳು ಬರುತ್ತೆ. ಕೋಲು ಹಿಡಿ ಅಂದ್ರೆ ನೋವು."

"ಅಲ್ಲೂ ಆಗ್ತಿಲ್ಲ ಅತ್ತೆ. ಅದಕ್ಕೇ ಕಾರ್ಡು ಮಾಡಿಸ್ಬೇಕು ಅಂತಿರೋದು."

"ಯಾವ ಕಾರ್ಡು?"

"ಅಂಗವಿಕಲರ ಕಾರ್ಡು ಅಜ್ಜಿ," ಎಂದಳು ಶರಣ್ಯಾ. ಆಗಷ್ಟೇ ಬಿ.ಕಾಂ. ಸೇರಿದ್ದ ಹುಡುಗಿ, ನಾಲಿಗೆ ಚುರುಕು. "ಅದಿದ್ರೆ ಅಮ್ಮಂಗೆ ಆಫೀಸಲ್ಲಿ ಗ್ರೌಂಡ್ ಫ್ಲೋರಲ್ಲಿ ಸೀಟ್ ಕೊಡ್ತಾರೆ. ಕಾರಿಗೆ ಗೇಟ್ ಹತ್ರಾನೇ ಜಾಗ."

ಬೋರಮ್ಮನ ಕೋಲು ನಿಂತಿತು. "ನಮ್ಮನೇಲಿ ಕುಂಟ್ರು ಅವ್ರೆ ಅಂತ ಸರ್ಕಾರದಿಂದ ಬರೆಸ್ಕೊಂಡು ಬರ್ತೀರಾ? ಬೆಳೆದ ಹೆಣ್ಣು ಮನೇಲಿದೆ. ತಾಯಿಗೆ ಬಂದಿದ್ದು ಮಗಳಿಗೂ ಬರುತ್ತೆ ಅಂತ ಒಬ್ಬನಾದ್ರೂ ಬಂದು ನೋಡ್ತಾನಾ?"

"ಯಾರೂ ಬರೋದು ಬೇಡ ಅಜ್ಜಿ. ಮುದ್ದೆ ಹಾಕಿ, ಹಸಿವಾಗಿದೆ."

ಹೊರಗೆ ಚಪ್ಪಲಿ ಬಿಡುತ್ತಿದ್ದ ಮಹದೇವ ಎಲ್ಲ ಕೇಳಿಸಿಕೊಂಡಿದ್ದ. "ಮಾಡ್ಸೋಣ ದಿವ್ಯ," ಎಂದ. "ಯಾವನು ಕೊಡಲ್ಲ ಅಂತಾನೋ ನೋಡೇಬಿಡ್ತೀನಿ."

ಕೊಡಲ್ಲ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಸಾಲು. ಅವಳ ಸರದಿ ಬಂದಾಗ ಡಾಕ್ಟರು, "ಸ್ವಲ್ಪ ನಡೆದು ತೋರ್ಸಿ," ಎಂದರು. ನೋವಿನ ಮಾತ್ರೆಯ ಬಲದಲ್ಲಿದ್ದ ಕಾಲು ಆ ಕ್ಷಣಕ್ಕೆ ಸರಾಗವಾಗಿ ನಡೆಯಿತು. "ಚೆನ್ನಾಗೇ ನಡೀತಿದೀರಲ್ಲಮ್ಮಾ," ಎಂದ ಪಕ್ಕದಲ್ಲಿ ಕೂತು ಬರೆಯುತ್ತಿದ್ದ ಗುಮಾಸ್ತ. ಅಷ್ಟೇ. ಮಹದೇವ ಮೇಜಿನ ಮೇಲಿಂದ ಬಗ್ಗಿ ಅವನ ಕಾಲರ್ ಹಿಡಿದು ಎಳೆದ. ಗುಮಾಸ್ತನ ಹುಬ್ಬು ಕಬ್ಬಿಣದ ರ್‍ಯಾಕಿನ ಅಂಚಿಗೆ ಬಡಿದು ಸೀಳಿತು. ಕಾಗದಗಳ ಮೇಲೆ ರಕ್ತ ತೊಟ್ಟಿಕ್ಕಿತು. ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದವರೆಲ್ಲ ಗೋಡೆಗೆ ಅಂಟಿಕೊಂಡರು. ದಿವ್ಯ ಕೈ ಮುಗಿದು, ಕಾಲಿಗೆ ಬೀಳುವುದೊಂದು ಬಾಕಿ, ಪೊಲೀಸರಿಗೆ ಹೇಳದ ಹಾಗೆ ಒಪ್ಪಿಸಿದಳು. "ನೀವು ಇನ್ಯಾವತ್ತಾದ್ರೂ ಬನ್ನಿ," ಎಂದರು ಡಾಕ್ಟರು, ಅವಳ ಮುಖ ನೋಡದೆ.

ಕಾರಿನಲ್ಲಿ ಮಹದೇವ ಇನ್ನೂ ಉಸಿರು ಬಿಡುತ್ತಿದ್ದ. "ನಿನ್ನನ್ನ ಸುಳ್ಳುಗಾತಿ ಅಂತಾನಾ ಅವನು?"

"ಅವ್ರು ಹಾಗನ್ಲಿಲ್ಲ ರೀ."

"ಅಂದಂಗೇ ಅದು."

ಅವನ ಗೆಣ್ಣುಗಳ ಮೇಲೆ ಇನ್ನೊಬ್ಬರ ರಕ್ತ ಅಂಟಿತ್ತು. ಅದೇ ಕೈಯಲ್ಲಿ ಅವಳ ಸೀಟ್ ಬೆಲ್ಟನ್ನು ಎಳೆದು, ಎಲ್ಲೂ ನೋವಾಗದ ಹಾಗೆ ಮೆತ್ತಗೆ ಸಿಕ್ಕಿಸಿದ.

ಮುಂದಿನ ತಿಂಗಳು ದಿವ್ಯ ಅವನಿಗೆ ಹೇಳದೆ ಮಗಳನ್ನು ಕರೆದುಕೊಂಡು ಹೋದಳು. ಹುಬ್ಬಿನ ಮೇಲೆ ಹೊಲಿಗೆಯ ಗುರುತಿದ್ದ ಅದೇ ಗುಮಾಸ್ತ ಅವಳ ಎಕ್ಸ್‌ರೇಗಳನ್ನು ಜೋಡಿಸಿಕೊಟ್ಟ. ಈ ಸಲ ಡಾಕ್ಟರು ನಡೆಸಲಿಲ್ಲ. ಬೆರಳು ಮಡಚಲು ಹೇಳಿದರು, ಮಡಚಲಾಗಲಿಲ್ಲ. ಕೆಲವು ವಾರಗಳಲ್ಲಿ ಕಾರ್ಡು ಬಂತು.

ದಿವ್ಯ ಕೆಲಸ ಮಾಡುತ್ತಿದ್ದದ್ದು ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಕಂಪನಿಯಲ್ಲಿ. ಆಸ್ಪತ್ರೆ ಬಿಲ್ಲುಗಳ ವಿಮೆ ಕ್ಲೇಮು ನೋಡುವ ಕೆಲಸ. ಎಚ್ಆರ್‌ನ ತನ್ಮಯಿ, ಮೂವತ್ತರ ಒಳಗಿನ ಹುಡುಗಿ, ಕಾರ್ಡು ನೋಡಿ ಒಳ್ಳೆಯ ಮಾತನ್ನೇ ಆಡಿದಳು. ಎರಡನೇ ಮಹಡಿಯಿಂದ ಸೀಟು ಕೆಳಗೆ ಬಂತು. ಬೆಳಿಗ್ಗೆ ಒಂದು ಗಂಟೆ ತಡವಾಗಿ ಬರಲು ಒಪ್ಪಿಗೆ ಸಿಕ್ಕಿತು. ಬೆರಳಿಗೆ ಶ್ರಮವಾಗದ ದಪ್ಪ ಮೌಸು ಕೊಟ್ಟರು. ಗೇಟಿನ ಪಕ್ಕದಲ್ಲಿ ಹಳದಿ ಗೆರೆ ಎಳೆದು ಗಾಲಿಕುರ್ಚಿಯ ಚಿತ್ರ ಬರೆಸಿದರು, ಕಾರಿನ ಗಾಜಿಗೆ ಅಂಟಿಸಲು ಅದೇ ಚಿತ್ರದ ಸ್ಟಿಕ್ಕರ್ ಕೊಟ್ಟರು.

ಜಾಗ ಕಾಯುವವನು ಸಿದ್ದಲಿಂಗೇಶ್, ಏಜೆನ್ಸಿಯ ಕಡೆಯ ಸೆಕ್ಯುರಿಟಿ. ತುಮಕೂರು ಕಡೆಯವನು, ಐವತ್ತೈದರ ಆಸುಪಾಸು. ಅವಳ ಕಾರು ತಿರುವಿನಲ್ಲಿ ಕಂಡರೆ ಓಡಿಹೋಗಿ ಅಡ್ಡ ಇಟ್ಟ ಕೋನ್ ಎತ್ತುತ್ತಿದ್ದ. "ಬನ್ನಿ ಮೇಡಮ್ಮೋರೆ, ಇನ್ನೂ ಬನ್ನಿ, ಸಾಕು." ಕಾರಿನ ಬಾಗಿಲನ್ನು ಅವನೇ ಹಿಡಿದುಕೊಳ್ಳುತ್ತಿದ್ದ.

ಆದರೆ ಸೇಲ್ಸ್ ವಿಭಾಗದ ಮುಖ್ಯಸ್ಥ ಗೋಪೀನಾಥನಿಗೂ ಆ ಜಾಗ ಇಷ್ಟವಾಯಿತು, ನೆರಳಿತ್ತು. ವಾರಕ್ಕೊಂದು ದಿನ ಇದ್ದದ್ದು ಎರಡಾಯಿತು, ಮೂರಾಯಿತು. ಸಿದ್ದಲಿಂಗೇಶ್ ತಡೆದರೆ, "ನಿನ್ನ ಏಜೆನ್ಸಿ ನಂಬರ್ ಕೊಡು," ಎನ್ನುತ್ತಿದ್ದ. ಆ ದಿನಗಳಲ್ಲಿ ದಿವ್ಯ ಬೇಸ್‌ಮೆಂಟಿನಲ್ಲಿ ಕಾರು ಬಿಟ್ಟು, ಅಲ್ಲಿಗೆ ಲಿಫ್ಟಿಲ್ಲದ್ದರಿಂದ ಇಳಿಜಾರು ಹತ್ತಿ ಬರುತ್ತಿದ್ದಳು. ತನ್ಮಯಿಗೆ ಹೇಳಿದಳು. "ನಾನು ಸಾರ್ ಹತ್ರ ಮಾತಾಡ್ತೀನಿ ಮ್ಯಾಮ್, ಸ್ವಲ್ಪ ಟೈಮ್ ಕೊಡಿ," ಎಂದಳು ತನ್ಮಯಿ.

ಮನೆಯಲ್ಲಿ ಹೇಳಬಾರದೆಂದು ದಿವ್ಯ ಬಾಯಿ ಬಿಗಿಹಿಡಿದಿದ್ದಳು. ಊದಿದ ಮೊಣಕಾಲು ಬಾಯಿ ಬಿಗಿಹಿಡಿಯಲಿಲ್ಲ.

"ಏನಾಯ್ತು ಕಾಲಿಗೆ?" ಊಟದ ತಟ್ಟೆ ಮುಂದೆ ಕೂತಿದ್ದ ಮಹದೇವ ಕೇಳಿದ.

"ಏನಿಲ್ಲ, ಹೀಗೇ."

"ಏನಿಲ್ವಂತೆ! ಅಮ್ಮನ ಜಾಗದಲ್ಲಿ ಬೇರೆ ಯಾರೋ ಗಾಡಿ ನಿಲ್ಲಿಸ್ತಾರಪ್ಪ," ಎಂದುಬಿಟ್ಟಳು ಶರಣ್ಯಾ. "ಅಮ್ಮ ಬೇಸ್‌ಮೆಂಟಿಂದ ಹತ್ತಿ ಬರ್ತಾರೆ."

ಮಹದೇವ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಸಾರಿಗೆ ಅದ್ದಿ ನುಂಗಿದ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ದಿವ್ಯಳಿಗೆ.

ಮರುದಿನ ಬೆಳಿಗ್ಗೆ ಕಾರಿನ ಕೀ ಅವನ ಕೈಯಲ್ಲಿತ್ತು. "ನಾನೇ ಬಿಡ್ತೀನಿ ಇವತ್ತು."

"ಬೇಡಾರೀ. ತನ್ಮಯಿ ಮಾತಾಡ್ತೀನಿ ಅಂದಿದಾರೆ."

"ಹತ್ತು."

ಗೋಪೀನಾಥನ ಬಿಳಿ ಕಾರು ಹಳದಿ ಗೆರೆಯ ನಡುವೆ ನಿಂತಿತ್ತು. ಸಿದ್ದಲಿಂಗೇಶ್ ಓಡಿಬಂದು ಕಿಟಕಿಗೆ ಬಗ್ಗಿದ. "ಒಂದೈದು ನಿಮಿಷ ಸಾರ್. ಈಗ್ತಾನೇ ಬಂದ್ರು. ಒಳಗೆ ಹೋಗಿ ಕೀ ಇಸ್ಕೊಂಡು ಬರ್ತೀನಿ."

"ನೀನೇನು ಮಾಡ್ತಿದ್ದೆ? ಕಾಸು ಇಸ್ಕೊಂಡು ಬಿಟ್ಯಾ?"

"ಅಯ್ಯೋ, ಹಂಗೆಲ್ಲ ಇಲ್ಲ ಸಾರ್. ಮೇಡಮ್ಮೋರನ್ನ ಕೇಳಿ."

ಮಹದೇವ ಇಳಿದು ಡಿಕ್ಕಿ ತೆಗೆದ. ವೀಲ್ ಸ್ಪ್ಯಾನರ್ ಕೈಗೆ ಬಂತು. ಮೊದಲ ಏಟಿಗೆ ಬಿಳಿ ಕಾರಿನ ಮುಂದಿನ ಗಾಜು ಬಲೆಯಂತೆ ಬಿರಿಯಿತು, ಎರಡನೆಯದಕ್ಕೆ ಒಳಗೆ ಕುಸಿಯಿತು. ದಿವ್ಯ ಬಾಗಿಲು ತೆಗೆಯಲು ಹೆಣಗಿದಳು. ಹಿಡಿಕೆ ಬೆರಳಿಗೆ ಸಿಗುತ್ತಿರಲಿಲ್ಲ. ಅವಳು ಹೊರಗೆ ಕಾಲಿಡುವ ಹೊತ್ತಿಗೆ ಸಿದ್ದಲಿಂಗೇಶ್ ಹಿಂದಿನಿಂದ ಬಂದು ಮಹದೇವನ ತೋಳು ಹಿಡಿದಿದ್ದ. "ಬೇಡಿ ಸಾರ್, ನನ್ನ ಕೆಲಸ ಹೋಗುತ್ತೆ, ಬೇಡಿ."

ಮಹದೇವ ತಿರುಗಿದ. ತಿರುಗಿದ ಕೈಯಲ್ಲೇ ಹೊಡೆದ.

ಕಬ್ಬಿಣ ದವಡೆಗೆ ತಾಗಿದ ಸದ್ದು ದಿವ್ಯಳಿಗೆ ಕೇಳಿಸಿತು. ಒಣ ಕಟ್ಟಿಗೆ ಮುರಿದ ಹಾಗಿತ್ತು. ಸಿದ್ದಲಿಂಗೇಶ್ ಕೂತ, ಆಮೇಲೆ ಮಲಗಿದ. ಬಾಯಿಂದ ರಕ್ತವೂ ಎರಡು ಹಲ್ಲೂ ಹೊರಬಂದವು. ಮಹದೇವ ಮತ್ತೆ ಕೈ ಎತ್ತಿದಾಗ ದಿವ್ಯ ಅವನ ಅಂಗಿಗೆ ಜೋತುಬಿದ್ದಳು. ಅವನು ಯಾರೆಂದು ನೋಡದೆ ಕೊಡವಿದ. ಅವಳು ಮೊಣಕಾಲೂರಿ ಬಿದ್ದಳು. ಬಿದ್ದಲ್ಲಿಂದ ತೆವಳಿ ಹೋಗಿ ಸಿದ್ದಲಿಂಗೇಶನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನ ದವಡೆ ಒಂದು ಕಡೆಗೆ ಜಾರಿತ್ತು. ಕಣ್ಣು ತೆರೆದೇ ಇತ್ತು, ಅವಳನ್ನೇ ನೋಡುತ್ತಿತ್ತು.

"ಆಂಬುಲೆನ್ಸ್!" ಎಂದು ಕೂಗಿದಳು. ಮೆಟ್ಟಿಲ ಮೇಲೆ ಫೋನ್ ಹಿಡಿದು ನಿಂತಿದ್ದವರಲ್ಲಿ ಒಬ್ಬರು ಕೊನೆಗೆ ಕರೆ ಮಾಡಿದರು.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದರು. ಸಿದ್ದಲಿಂಗೇಶ್ ಬಾಯಿ ಬಿಡುವ ಹಾಗಿರಲಿಲ್ಲ. ಸ್ಟೇಷನ್ನಿನವರು ಮಹದೇವನನ್ನು ಸಂಜೆಯವರೆಗೆ ಕೂರಿಸಿಕೊಂಡು ಮನೆಗೆ ಕಳಿಸಿದರು. ಪೆಟ್ಟು ತಿಂದವನು ಮಾತಾಡುತ್ತಿಲ್ಲ, ಏಜೆನ್ಸಿಯವರು ದೂರು ಕೊಡುತ್ತಿಲ್ಲ, ಕಂಪನಿಯವರು ಕ್ಯಾಮೆರಾ ಕೆಟ್ಟಿತ್ತು ಅನ್ನುತ್ತಿದ್ದಾರೆ. ಯಾರಾದರೂ ಬರೆದುಕೊಟ್ಟರೆ ನೋಡೋಣ ಎಂದರು.

ಎರಡು ದಿನ ಬಿಟ್ಟು ತನ್ಮಯಿ ದಿವ್ಯಳನ್ನು ಕರೆಸಿದಳು. ಕಾಫಿ ತರಿಸಿದಳು, ತಾನು ಕುಡಿಯಲಿಲ್ಲ.

"ಮ್ಯಾಮ್, ಆ ಸೆಕ್ಯುರಿಟಿ ನಿಮ್ಮ ಜೊತೆ ರ‍್ಯಾಶ್ ಆಗಿ ನಡ್ಕೊಂಡ ಅಂತ ಏನಾದ್ರೂ ಇತ್ತಾ?"

"ಇಲ್ಲ."

"ಇದ್ದಿದ್ರೆ ಇದು ಏಜೆನ್ಸಿಗೂ ನಿಮಗೂ ಸೇರಿದ ವಿಷಯ ಆಗ್ತಿತ್ತು. ಗೋಪೀನಾಥ್ ಸಾರ್ ಹೆಸರು ಬರಲ್ಲ, ನಿಮ್ಮ ಹಸ್ಬೆಂಡ್‌ಗೂ ಹಗುರ. ನಿಮ್ಮ ಸೀಟು, ಟೈಮಿಂಗ್ಸ್, ಪಾರ್ಕಿಂಗ್ ಎಲ್ಲ ಹಾಗೇ ಇರುತ್ತೆ."

"ಇಲ್ದಿದ್ರೆ?"

ತನ್ಮಯಿ ಕಿಟಕಿಯ ಕಡೆ ನೋಡಿದಳು. "ನಾನೂ ಇಲ್ಲಿ ಕೆಲಸಕ್ಕಿರೋಳು ಮ್ಯಾಮ್."

ಭಾನುವಾರ ಮಧ್ಯಾಹ್ನ ಮಹದೇವ ವಕೀಲನ ಮನೆಯಿಂದ ಬಂದ. ಅಡಿಗೆಮನೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿತ್ತು. ಬೋರಮ್ಮ ಆಗಷ್ಟೇ ಮುದ್ದೆ ಕಟ್ಟಿ ಕೋಲನ್ನು ನೀರಿಗೆ ಹಾಕಿದ್ದಳು. ಮಹದೇವ ಟೈಪು ಮಾಡಿಸಿದ ಎರಡು ಹಾಳೆಗಳನ್ನು ಕಟ್ಟೆಯ ಮೇಲಿಟ್ಟ.

"ಇಲ್ಲಿ ಸಹಿ ಹಾಕು."

ಅವಳು ಓದಿದಳು. ಸೆಕ್ಯುರಿಟಿಯವನು ಕಾರಿನಿಂದ ಇಳಿಸುವ ನೆಪದಲ್ಲಿ ತನ್ನ ಮೈ ಮುಟ್ಟುತ್ತಿದ್ದನೆಂದೂ, ಅಂದು ಕೈ ಹಿಡಿದು ಎಳೆದನೆಂದೂ, ಬಿಡಿಸಲು ಗಂಡ ತಳ್ಳಿದಾಗ ಬಿದ್ದು ಏಟಾಯಿತೆಂದೂ ಬರೆದಿತ್ತು.

"ಇದು ಸುಳ್ಳು ರೀ. ಆ ಮನುಷ್ಯ ನನ್ನ ಕಾರಿನ ಬಾಗಿಲು ಹಿಡೀತಿದ್ದ ಅಷ್ಟೇ."

"ಬಾಗಿಲು ಹಿಡಿದೋನು ಕೈ ಹಿಡಿದ ಅಂದ್ರೆ ಏನು ನಷ್ಟ?" ಎಂದಳು ಬೋರಮ್ಮ. "ಗಂಡ ಜೈಲಿಗೆ ಹೋಗೋದು ಒಳ್ಳೇದಾ? ನಿನಗೋಸ್ಕರ ಹೊಡೆದ ಅವನು."

"ನಾನು ಹೊಡೀರಿ ಅಂದಿರ್ಲಿಲ್ಲ."

"ಹೇಳ್ಬೇಕಿತ್ತಾ?" ಮಹದೇವನ ದನಿ ಏರಿತು. "ನಿನ್ನ ಕಾಲು ಊದಿದ್ದು ನೋಡಿ ಸುಮ್ನಿರಕ್ಕೆ ನಾನೇನು ಗಂಡಸಲ್ವಾ? ಎಲ್ಲಾ ಕಡೆ ನಿನಗೋಸ್ಕರ ಹೊಡೆದಾಡಿದೀನಿ. ಹಾಕು ಸಹಿ."

"ಹಾಕಲ್ಲ."

ಅವನು ಪೆನ್ನನ್ನು ಅವಳ ಬೆರಳ ನಡುವೆ ತುರುಕಿ, ಮೇಲಿಂದ ತನ್ನ ಕೈ ಮುಚ್ಚಿ ಒತ್ತಿದ. ಊದಿದ ಗೆಣ್ಣುಗಳು ಒಂದರ ಮೇಲೊಂದು ಹತ್ತಿದವು. ಅವಳು ಚೀರಿದಳು. ಬಿಡಿಸಿಕೊಳ್ಳಲು ಎಳೆದಾಗ ಅವನು ಮಣಿಕಟ್ಟನ್ನು ತಿರುಚಿದ. ಒಳಗೆ ಏನೋ ಕಿತ್ತುಹೋಯಿತು. ಕಣ್ಣ ಮುಂದೆ ಬೆಳ್ಳಗಾಗಿ ಅವಳು ಕಟ್ಟೆಯ ಅಂಚಿಗೆ ಒರಗಿದಳು. ಸಾರಿನ ಪಾತ್ರೆ ಉರುಳಿ ನೆಲದ ಮೇಲೆಲ್ಲ ಹರಿಯಿತು.

ಆಗ ಶರಣ್ಯಾ ಬಂದಳು. ನೀರಿನಲ್ಲಿದ್ದ ಮುದ್ದೆ ಕೋಲನ್ನು ಎತ್ತಿಕೊಂಡಳು. ಅಪ್ಪನ ಬೆನ್ನಿಗೆ, ಹೆಗಲಿಗೆ, ಅವನು ತಿರುಗಿದಾಗ ಕಿವಿಯ ಮೇಲೆ. ಮಹದೇವ ಕಾಳಿನ ಸಾರಿನ ಮೇಲೆ ಜಾರಿ ಬಿದ್ದ. ಬಿದ್ದ ಮೇಲೂ ಅವಳು ನಿಲ್ಲಿಸಲಿಲ್ಲ. "ಅಮ್ಮನ್ನ ಮುಟ್ತೀಯಾ? ಮುಟ್ತೀಯಾ?" ಬೋರಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಳು. ಮಹದೇವನ ಕಿವಿಯಿಂದ ರಕ್ತ ಇಳಿದು ಕಾಲರ್ ನೆನೆದಿತ್ತು. ಅವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮುದುಡಿದ್ದ.

ದಿವ್ಯ ಮಗಳ ಮುಖ ನೋಡಿದಳು. ಗೇಟಿನ ಹತ್ತಿರ ಸ್ಪ್ಯಾನರ್ ಎತ್ತಿದಾಗ ಗಂಡನ ಮುಖ ಹೇಗಿತ್ತೋ ಹಾಗೇ ಇತ್ತು. ಹಲ್ಲು ಕಚ್ಚಿದ ರೀತಿ, ಎದುರಿಗಿರುವವರು ಕಾಣದ ಕಣ್ಣು, ಎಲ್ಲ ಅದೇ. ಸರಿಯಿದ್ದ ಎಡಗೈಯಿಂದ ಮಗಳ ಸೊಂಟವನ್ನು ಬಳಸಿ, ತನ್ನ ಭಾರವನ್ನೆಲ್ಲ ಬಿಟ್ಟು ಹಿಂದಕ್ಕೆ ಎಳೆದಳು. "ಸಾಕು ಕಣೇ. ಸತ್ತೇ ಹೋಗ್ತಾರೆ. ಸಾಕು."

"ನಿಂಗೋಸ್ಕರ ಅಮ್ಮಾ," ಎಂದಳು ಶರಣ್ಯಾ.

"ಗೊತ್ತು," ಎಂದಳು ದಿವ್ಯ. "ಕಾರ್ ಕೀ ತಗೋ. ನಡಿ."

ಮೊದಲು ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡಳು. ಅಲ್ಲಿಂದ ನೇರ ಸ್ಟೇಷನ್ನಿಗೆ ಹೋದಳು. ಮಗಳೇ ಕಾರು ಓಡಿಸಿದಳು. ಸಬ್ ಇನ್ಸ್‌ಪೆಕ್ಟರು ಕುರ್ಚಿ ತೋರಿಸಿದ.

"ನಿಮ್ಮ ಯಜಮಾನ್ರ ಕಡೆಯಿಂದ ದೂರು ಬರುತ್ತೆ ಅಂದಿದ್ರು ವಕೀಲರು."

"ಅದಲ್ಲ ಸಾರ್. ನಮ್ಮ ಯಜಮಾನ್ರ ಮೇಲೆ ದೂರು ಕೊಡ್ಬೇಕು. ಸಿದ್ದಲಿಂಗೇಶ್ ಅವ್ರಿಗೆ ಹೊಡೆದಿದ್ದು ನಾನು ಕಣ್ಣಾರೆ ನೋಡಿದೀನಿ. ಇವತ್ತು ನನಗೆ ಮಾಡಿದ್ದೂ ಬರ್ಕೊಳ್ಳಿ."

ಅವನು ಪೆನ್ನು ಕೆಳಗಿಟ್ಟ. "ಯೋಚನೆ ಮಾಡಿದೀರಾಮ್ಮಾ? ಸಂಸಾರ ಒಡೆದುಹೋಗುತ್ತೆ."

"ಮಾಡಿದೀನಿ. ನನ್ನ ಮಗಳೂ ಅವ್ರಿಗೆ ಹೊಡೆದಿದಾಳೆ. ಅದನ್ನೂ ಬರ್ಕೊಳ್ಳಿ."

ಶರಣ್ಯಾ ತಾಯಿಯ ಕಡೆ ತಿರುಗಿದಳು. ಸಬ್ ಇನ್ಸ್‌ಪೆಕ್ಟರು ಆ ಹುಡುಗಿಯನ್ನೊಮ್ಮೆ, ಪಟ್ಟಿ ಕಟ್ಟಿದ ಕೈಯನ್ನೊಮ್ಮೆ ನೋಡಿದ. "ತಾಯೀನ ಬಿಡಿಸ್ಕೊಂಡ್ಳು ಅಂತ ಬರೀತೀನಿ," ಎಂದ.

"ಬಿಡಿಸ್ಕೊಂಡ ಮೇಲೂ ಹೊಡೆದ್ಳು ಸಾರ್."

ಎಲ್ಲ ಬರೆದು ಮುಗಿದ ಮೇಲೆ ಅವಳು ಎಡಗೈಯಲ್ಲಿ ಸಹಿ ಹಾಕಿದಳು. ಅದು ಚಿಕ್ಕ ಮಕ್ಕಳ ಅಕ್ಷರದ ಹಾಗೆ ಬಂತು.

ಮಹದೇವನನ್ನು ಜೈಲಿಗೆ ಕಳಿಸಿದರು. ಶರಣ್ಯಾಳನ್ನು ಸ್ಟೇಷನ್ನಿಗೆ ಒಮ್ಮೆ ಕರೆಸಿ ಗದರಿಸಿ ಬಿಟ್ಟರು. ಮಗಳ ಮೇಲೆ ದೂರಿಲ್ಲ ಎಂದು ಮಹದೇವನೇ ಬರೆದುಕೊಟ್ಟನಂತೆ. ಬೋರಮ್ಮ ಸೊಸೆಯ ಬಟ್ಟೆಗಳನ್ನು ಗಂಟು ಕಟ್ಟಿ ಜಗುಲಿಗೆ ಹಾಕಿದಳು. "ಈ ಮನೆ ನನ್ನ ಗಂಡ ಕಟ್ಟಿದ್ದು. ನನ್ನ ಮಗ ಬರೋತಂಕ ನಿನ್ನ ಮುಖ ತೋರಿಸಬೇಡ. ಬಂದ ಮೇಲೂ ಬೇಡ." ಮೊಮ್ಮಗಳಿಗೆ ಮಾತ್ರ, "ನೀನು ಇರು, ಉಂಡ್ಕೊಂಡು ಕಾಲೇಜಿಗೆ ಹೋಗು," ಎಂದಳು. ಶರಣ್ಯಾ ಅಲ್ಲಿ ಉಳಿಯಲಿಲ್ಲ. ಬಸವೇಶ್ವರನಗರದಲ್ಲಿ, ಮೆಟ್ಟಿಲು ಹತ್ತಬೇಕಿಲ್ಲದ ಒಂದು ಸಣ್ಣ ಮನೆ ಬಾಡಿಗೆಗೆ ಸಿಕ್ಕಿತು. ಅಲ್ಲಿ ಮುದ್ದೆ ಮಾಡುವವರಿಲ್ಲ. ಅನ್ನ, ಸಾರು, ಅಂಗಡಿ ಚಪಾತಿ.

ಆಫೀಸಿನಲ್ಲಿ ಅವಳನ್ನು ಮತ್ತೆ ಎರಡನೇ ಮಹಡಿಗೆ ಹಾಕಿದರು. ಅವಳು ಹತ್ತಲಿಲ್ಲ. ಕೆಳಗೆ ರಿಸೆಪ್ಷನ್ನಿನ ಸೋಫಾದಲ್ಲಿ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಂದವರೆಲ್ಲ ಯಾಕೆಂದು ಕೇಳಿದರು, ಕೇಳಿದವರಿಗೆಲ್ಲ ಹೇಳಿದಳು. ಅಂಗವಿಕಲರ ಆಯುಕ್ತರ ಕಚೇರಿಗೂ ಬರೆದಳು. ನಾಲ್ಕನೆಯ ದಿನ ತನ್ಮಯಿ ಬಂದು ಪಕ್ಕದಲ್ಲಿ ಕೂತು, "ನಿಮ್ಮ ಟೇಬಲ್ ಕೆಳಗೇ ಹಾಕ್ಸಿದೀನಿ ಮ್ಯಾಮ್. ಯಾರನ್ನೂ ಕೇಳ್ಲಿಲ್ಲ," ಎಂದಳು. ಗೋಪೀನಾಥ ಬೇರೆ ಕಡೆ ಕಾರು ನಿಲ್ಲಿಸತೊಡಗಿದ. ಅವಳ ಜೊತೆ ಮಾತಾಡುವವರು ಕಡಿಮೆಯಾದರು.

ಒಂದು ಶನಿವಾರ ಮಗಳ ಜೊತೆ ಕಾಮಾಕ್ಷಿಪಾಳ್ಯದಲ್ಲಿ ಸಿದ್ದಲಿಂಗೇಶನ ಮನೆ ಹುಡುಕಿಕೊಂಡು ಹೋದಳು. ಅವನ ಹೆಂಡತಿ ವೆಂಕಟಲಕ್ಷ್ಮಮ್ಮ ಬಾಗಿಲಲ್ಲೇ ನಿಂತಳು. ಹಣ್ಣಿನ ಚೀಲವನ್ನು ತೆಗೆದುಕೊಳ್ಳಲಿಲ್ಲ.

"ಅವ್ರಿಗೆ ಗಂಜಿ ಬಿಟ್ರೆ ಏನೂ ಇಳಿಯಲ್ಲ," ಎಂದಳು. "ನೀವು ನಿಜ ಹೇಳಿದ್ರಂತೆ, ಒಳ್ಳೇದಾಯ್ತು. ಆದ್ರೆ ಕೂತ್ಕೊಳ್ಳಿ ಅನ್ನಕ್ಕೆ ನನಗೆ ಬಾಯಿ ಬರ್ತಿಲ್ಲ."

"ಬೇಡಮ್ಮ. ನೋಡ್ಕೊಂಡು ಹೋಗ್ತೀನಿ ಅಷ್ಟೇ."

ಒಳಗೆ ಮಂಚದ ಮೇಲೆ ಸಿದ್ದಲಿಂಗೇಶ್ ಎದ್ದು ಕೂತ. ಮುಖ ಒಂದು ಬದಿಗೆ ಇಳಿದಿತ್ತು. ಬಿಗಿದ ಹಲ್ಲುಗಳ ಸಂದಿಯಿಂದ ಮಾತು ತಡೆತಡೆದು ಬಂತು. "ಜಾಗ... ಖಾಲಿ ಬಿಡ್ತಾರಾ ಮೇಡಮ್ಮೋರೆ?"

"ಬಿಡ್ತಾರೆ," ಎಂದಳು ದಿವ್ಯ. ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಟ್ಟಿಲಿಳಿದಳು.

ಕಾರು ಓಣಿಯ ಕೊನೆಯಲ್ಲಿತ್ತು. ಹತ್ತುವ ಮೊದಲು ಶರಣ್ಯಾ ಕೇಳಿದಳು. "ಅಪ್ಪಂಗೆ ಬೇಲ್ ಸಿಗುತ್ತಂತೆ ಅಮ್ಮ. ಮನೆ ಹುಡುಕ್ಕೊಂಡು ಬಂದ್ರೆ?"

"ಬರಲಿ. ಬಾಗಿಲು ತೆಗೆಯೋದು ಬೇಡ. ಆದ್ರೆ ನೀನು ಕೈ ಎತ್ತಬಾರದು."

"ಅವರು ಎತ್ತಿದ್ರೆ?"

"ನಾನು ಮತ್ತೆ ಸ್ಟೇಷನ್ನಿಗೆ ಹೋಗ್ತೀನಿ. ಎಷ್ಟು ಸಲ ಬೇಕಾದ್ರೂ ಹೋಗ್ತೀನಿ."

ಓಣಿ ಇಕ್ಕಟ್ಟು, ಕಾರು ತಿರುಗಿಸಲು ಜಾಗವಿರಲಿಲ್ಲ, ಹಿಂದಕ್ಕೇ ತೆಗೆಯಬೇಕು. ಮಣಿಕಟ್ಟಿನ ಪಟ್ಟಿ ಬಿಚ್ಚಿದ ಮೇಲೆ ದಿವ್ಯಳೇ ಮತ್ತೆ ಕಾರು ಓಡಿಸುತ್ತಿದ್ದಳು, ಆದರೆ ಈಗ ಕೀಲುವಾತ ಹತ್ತಿದ್ದ ಕುತ್ತಿಗೆ ಹಿಂದೆ ತಿರುಗುತ್ತಿರಲಿಲ್ಲ. ಹುಡುಗಿ ಕಾರಿನ ಹಿಂದೆ ಹೋಗಿ ನಿಂತಳು. ಬಂದಿದ್ದ ಆಟೋವನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಆಟೋದವನು ಹಾರ್ನ್ ಒತ್ತಿ ಏನೋ ಬೈದ. ಅವಳ ಮುಖ ಬಿಗಿಯಿತು. ದಿವ್ಯ ಕನ್ನಡಿಯಲ್ಲಿ ನೋಡುತ್ತಲೇ ಇದ್ದಳು.

"ಒಂದ್ನಿಮಿಷ ಅಣ್ಣಾ," ಎಂದಳು ಶರಣ್ಯಾ. "ಅಮ್ಮಂಗೆ ಕುತ್ತಿಗೆ ತಿರುಗಲ್ಲ." ಆಮೇಲೆ ಈ ಕಡೆ ತಿರುಗಿ ಕೈ ಬೀಸಿದಳು. "ಬಾ ಅಮ್ಮ. ನಿಧಾನಕ್ಕೆ ಬಾ."